ಬಾಗಿಲಲ್ಲಿ ನಿಂತವರು

ಜುಲೈ ತಿಂಗಳ ಶನಿವಾರ, ಶಿಕಾಗೊದ ಜಾಕ್ಸನ್ ಪಾರ್ಕ್. ಹೌಸ್ ಸಂಗೀತದ ಹಳಬರಾದ ಚೋಸನ್ ಫ್ಯೂ ಡಿಜೆಗಳ ಪಿಕ್ನಿಕ್. 1990ರಲ್ಲಿ ಒಂದು ಮನೆತನದ ಕೂಟವಾಗಿ ಶುರುವಾದದ್ದು ಈಗ ಸಾವಿರಾರು ಜನ ಒಲೆ, ಗುಡಾರ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರುವ ಜಾತ್ರೆ. ಶ್ರೀಕಂಠ 1984ರಲ್ಲಿ ಮೈಸೂರಿನಿಂದ ಓದಲು ಬಂದು ಇಲ್ಲೇ ಉಳಿದವರು. ಮೇಘಾ ಅವರ ತಂಗಿಯ ಮಗಳು. ವಾರಾಂತ್ಯದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಡಿಜೆ ಮಾಡುತ್ತಾಳೆ. ಪಕ್ಕದ ಗುಡಾರದ ಹುಡುಗನೊಬ್ಬ ತನ್ನದೇ ಸ್ಪೀಕರಿನಲ್ಲಿ ಹಾಡು ಹಾಕುತ್ತಿದ್ದಾನೆ.

ಶ್ರೀಕಂಠ: ಇವನು ಹಾಕ್ತಿರೋದು ಹೌಸ್ ಅಲ್ಲ ಕಣೆ.

ಮೇಘಾ: ಇನ್ನೇನು ಮಾಮ? ನಾಲ್ಕಕ್ಕೆ ನಾಲ್ಕೂ ಪೆಟ್ಟು ಬೀಳ್ತಿದೆ, ಪಿಯಾನೊ ಇದೆ, ಹುಯ್ಯೋ ಅಂತ ಹಾಡೋ ಹೆಂಗಸಿನ ದನಿ ಇದೆ.

ಶ್ರೀಕಂಠ: ಎಲ್ಲ ಇದೆ, ಬೆವರಿಲ್ಲ. ಸಿಂಕ್ ಗುಂಡಿ ಒತ್ತಿದ್ರೆ ಎರಡು ಹಾಡು ತಾವೇ ಹೊಂದಿಕೊಳ್ತಾವೆ. ಆಗ ಡಿಜೆ ರಾನ್ ಹಾರ್ಡಿ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಟೇಪನ್ನು ಹಿಂದುಮುಂದು ಓಡಿಸಿ, ವೇಗ ಏರಿಸಿ ಕುಣಿಸ್ತಿದ್ದ. ಅದು ಕೈ.

ಮೇಘಾ: ಪಿಯಾನೊ ಅಂದೆನಲ್ಲ, ಮಾರ್ಷಲ್ ಜೆಫರ್ಸನ್ ನೆನಪಾದ್ರು. ಅಂಚೆ ಕಚೇರಿಯಲ್ಲಿ ದುಡೀತಿದ್ದವರು. 1986ರಲ್ಲಿ ‘ಮೂವ್ ಯುವರ್ ಬಾಡಿ’ ತಂದಾಗ ಟ್ರ್ಯಾಕ್ಸ್ ರೆಕಾರ್ಡು ಕಂಪನಿಯ ಲ್ಯಾರಿ ಶೆರ್ಮನ್ ಹೇಳಿದ್ದೂ ಇದನ್ನೇ, ಇದು ಹೌಸ್ ಅಲ್ಲ ಅಂತ. ಆ ಹಟಕ್ಕೇ ಜೆಫರ್ಸನ್ ಹಾಡಿನ ಹೆಸರಿಗೆ ‘ಹೌಸ್ ಮ್ಯೂಸಿಕ್ ಆಂಥಮ್’ ಅಂತ ಸೇರಿಸಿದ್ದು. ಜೆಸ್ಸಿ ಸಾಂಡರ್ಸ್ ಮೊದಲ ಹೌಸ್ ರೆಕಾರ್ಡು ‘ಆನ್ ಅಂಡ್ ಆನ್’ ತಂದಿದ್ದು 1984ರಲ್ಲಿ. ಎರಡೇ ವರ್ಷಕ್ಕೆ ಮಡಿ ಕೇಳೋರು ಹುಟ್ಟಿಕೊಂಡಿದ್ರು ನೋಡಿ.

ಶ್ರೀಕಂಠ: ಶೆರ್ಮನ್ ವ್ಯಾಪಾರಿ. ಅವನ ಮಾತು ಬಿಡು. ಕೇಳುಗರ ಕಿವಿ ಹೇಗಿತ್ತು ಅಂತ ಕೇಳು. ಡಿಜೆ ಪಿಯರ್ ಮತ್ತೆ ಅವನ ಸ್ನೇಹಿತರು ‘ಆಸಿಡ್ ಟ್ರ್ಯಾಕ್ಸ್’ ಟೇಪನ್ನ ಹಾರ್ಡಿಗೆ ಕೊಟ್ಟರು. ಬೇಸ್ ಗಿಟಾರಿನ ಬದಲಿಗೆ ಅಂತ ರೋಲ್ಯಾಂಡಿನವರು ಮಾಡಿ, ಯಾರೂ ಕೊಳ್ಳದೆ ನಿಲ್ಲಿಸಿದ್ದ 303 ಯಂತ್ರ. ಈ ಹುಡುಗರ ಕೈಗೆ ಅಗ್ಗಕ್ಕೆ ಸಿಕ್ಕಿತ್ತು. ಅದು ಕೀಚಲು ಕೀಚಲಾಗಿ ಕಿರುಚಿದ್ದೇ ಜನ ನೆಲ ಖಾಲಿ ಮಾಡಿದ್ರು. ಹಾರ್ಡಿ ಬಿಡಲಿಲ್ಲ. ಒಂದೇ ರಾತ್ರಿ ನಾಲ್ಕು ಸಲ ಹಾಕಿದ. ನಾಲ್ಕನೇ ಸಲಕ್ಕೆ ಹುಚ್ಚೆದ್ದು ಕುಣಿದ್ರು. ಅಂಥ ಜನ ಈಗೆಲ್ಲಿದ್ದಾರೆ?

ಮೇಘಾ: ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಆವತ್ತು ಹಿಡಿಸದ ಹಾಡನ್ನು ನಾಲ್ಕು ಸಲ ಕೇಳಿದವರು. ಈ ಹುಡುಗನಿಗೆ ನೀವು ಎಷ್ಟು ಹೊತ್ತು ಕೊಟ್ರಿ?

ಶ್ರೀಕಂಠ: ಮಾತಿನಲ್ಲಿ ನಿಮ್ಮಮ್ಮನ್ನೇ ಮೀರಿಸ್ತೀಯ.

ಮೇಘಾ: ಅಮ್ಮನೇ ಹೇಳ್ತಿರ್ತಾಳೆ. ತಾತ ಯಾರ ಪಿಟೀಲು ಕಛೇರಿಗೆ ಹೋದ್ರೂ ‘ಚೌಡಯ್ಯನವರನ್ನು ಕೇಳಿದ ಕಿವಿ ಇದು’ ಅಂತ ಅರ್ಧಕ್ಕೇ ಎದ್ದು ಬರ್ತಿದ್ರಂತೆ. ಆ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದವರು! ತಾತನ ಆ ಠೀವಿ ನೋಡಿ ಆಗ ಬಿದ್ದು ಬಿದ್ದು ನಗ್ತಿದ್ದದ್ದು ನೀವೇ ಅಂತೆ.

ಶ್ರೀಕಂಠ: ನಗ್ತಿದ್ದೆ. ಈಗ ಅಪ್ಪನ ಸಂಕಟ ಗೊತ್ತಾಗುತ್ತೆ. ನೆನಪು ಹಂಚಿದಷ್ಟೂ ಬೆಳೆಯುತ್ತೆ ಅಂತಾರಲ್ಲ, ಶುದ್ಧ ಸುಳ್ಳು. ‘ನಾನೂ ಅಲ್ಲಿದ್ದೆ’ ಅನ್ನೋರು ಹೆಚ್ಚಿದಷ್ಟೂ ನನ್ನ ಆ ರಾತ್ರಿಗಳು ಅಗ್ಗವಾಗ್ತಾ ಹೋಗ್ತವೆ.

ಮೇಘಾ: ಹಾಗಾದ್ರೆ ನೀವು ಪ್ರೀತಿಸ್ತಿರೋದು ಸಂಗೀತವನ್ನಲ್ಲ, ಅದು ಯಾರಿಗೂ ಸಿಗದೆ ಇದ್ದದ್ದನ್ನ. ಆ ಟ್ರ್ಯಾಕ್ಸ್ ರೆಕಾರ್ಡುಗಳನ್ನೇ ನೋಡಿ. ಹಳೇ ರೆಕಾರ್ಡು ಕರಗಿಸಿ ಒತ್ತಿದ್ದು, ಸೂಜಿ ಇಟ್ಟರೆ ಚರಚರ. ಈಗ ಅದೇ ಚರಚರಕ್ಕೆ ದುಬಾರಿ ಬೆಲೆ ಕೊಟ್ಟು, ವಿನೈಲಿನ ದನಿಯೇ ಬೇರೆ ಅಂತ ಕಣ್ಣು ಮುಚ್ಚಿಕೊಳ್ಳೋರಿದ್ದಾರೆ.

ಶ್ರೀಕಂಠ: (ನಗುತ್ತಾ) ನನ್ನ ಹತ್ರನೂ ಎರಡು ಪೆಟ್ಟಿಗೆ ಇದೆ, ಸುಮ್ಮನಿರು. ಆದ್ರೆ ಎಲ್ಲವನ್ನೂ ಠೇಂಕಾರ ಅಂತ ತಳ್ಳಿಹಾಕಬೇಡ. ಸೌತ್ ಜೆಫರ್ಸನ್ ಬೀದಿ 206ನೇ ನಂಬರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ 1977ರಿಂದ ಫ್ರ್ಯಾಂಕಿ ನಕಲ್ಸ್ ಹಾಡು ಹಾಕ್ತಿದ್ದಾಗ ಕುಣೀತಿದ್ದವರು ಬಹುಪಾಲು ಕಪ್ಪು ಜನಾಂಗದ ಗೇ ಹುಡುಗರು. ಬೇರೆ ಕಡೆ ಬಾಗಿಲು ಹಾಕಿಸಿಕೊಂಡವರು. ಆಮೇಲೆ ಏಡ್ಸ್ ಬಂತು. ಮೂವತ್ತು ದಾಟದೆ ಎಷ್ಟೋ ಜನ ಹೋದ್ರು. ರಾನ್ ಹಾರ್ಡಿ 1992ರಲ್ಲಿ ಸತ್ತ, ಮೂವತ್ತಮೂರು ವಯಸ್ಸು. ಫ್ರ್ಯಾಂಕಿ 2014ರಲ್ಲಿ. ಈ ಪಾರ್ಕಿನಲ್ಲಿ ನನ್ನ ಜೊತೆ ಕೂರಬೇಕಾಗಿದ್ದವರು ಅರ್ಧ ಜನ ಇಲ್ಲ. ‘ಈಗಿನದು ಹೌಸ್ ಅಲ್ಲ’ ಅಂತ ನಾನು ಗೊಣಗಿದಾಗ ಅದರೊಳಗೆ ಇದೂ ಇರುತ್ತೆ.

ಮೇಘಾ: ಅದನ್ನ ಅದಾಗಿಯೇ ಹೇಳಿ ಮಾಮ. ಸಿಂಕ್ ಗುಂಡಿ ಮೇಲೆ ಯಾಕೆ ಹಾಕ್ತೀರಿ?

ಶ್ರೀಕಂಠ: ಹೇಳಿದ್ರೆ ಕೇಳೋರು ಯಾರು? 1979ರ ಜುಲೈ 12, ಇದೇ ಊರಿನ ಕಾಮಿಸ್ಕಿ ಪಾರ್ಕ್. ರೇಡಿಯೋದ ಸ್ಟೀವ್ ಡಾಲ್ ಕರೆ ಕೊಟ್ಟ ಅಂತ ಜನ ಡಿಸ್ಕೋ ರೆಕಾರ್ಡು ತಂದು ಮೈದಾನದ ನಡುವೆ ಸಿಡಿಸಿದ್ರು. ವಿನ್ಸ್ ಲಾರೆನ್ಸ್ ಆವತ್ತು ಅಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸೋ ಹುಡುಗ. ಡಿಸ್ಕೋನೇ ಅಲ್ಲದ ಕಪ್ಪು ಗಾಯಕರ ರೆಕಾರ್ಡುಗಳೂ ಬಂದು ಬೀಳ್ತಿದ್ದನ್ನ ಕಂಡವನು. ಸಾಂಡರ್ಸ್ ಜೊತೆ ಆ ಮೊದಲ ಹೌಸ್ ರೆಕಾರ್ಡು ಮಾಡಿದವನೂ ಅವನೇ. ಆಗ ಸುಟ್ಟರು, ಈಗ ಹೆಸರು ಹೇಳದೆ ಉಣ್ತಾರೆ. ಕಾವಲಿಗೆ ಒಬ್ಬರು ಬೇಡವಾ?

ಮೇಘಾ: ಕಾವಲು ಸರಿ. ಯಾರ ಪರವಾಗಿ? ಕೋಪ ಮಾಡ್ಕೋಬೇಡಿ. ನೀವು ಮೈಸೂರಿನ ಬ್ರಾಹ್ಮಣರ ಹುಡುಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಮ್ಯೂಸಿಕ್ ಬಾಕ್ಸ್ ನಿಮಗೋಸ್ಕರ ಕಟ್ಟಿದ್ದಲ್ಲ. ಆದರೂ ಯಾರೋ ಸಹಪಾಠಿ ಕರ್ಕೊಂಡು ಹೋದ, ಯಾರೂ ನಿಮ್ಮನ್ನ ‘ನಿನಗೇನು ಗೊತ್ತು’ ಅಂತ ಕೇಳಲಿಲ್ಲ. ಈಗ ಅದೇ ಬಾಗಿಲಲ್ಲಿ ನಿಂತು ನೀವು ಟಿಕೆಟ್ ಕೇಳ್ತಿದ್ದೀರಿ.

(ಶ್ರೀಕಂಠ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಪಕ್ಕದ ಗುಡಾರದಿಂದ ಯಾರೋ ಒಂದು ತಟ್ಟೆ ಸುಟ್ಟ ಜೋಳ ತಂದಿಟ್ಟು ಹೋಗುತ್ತಾರೆ.)

ಶ್ರೀಕಂಠ: ಅತಿಥಿಯಾಗಿದ್ದವನಿಗೇ ಹೆಚ್ಚು ಜಂಬ ಇರುತ್ತೋ ಏನೋ. ಅಲ್ಲೇ ಹುಟ್ಟಿ ಬೆಳೆದವರು ನೋಡು, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸ್ಕೊಂಡು ಯಾವ ಹಾಡಾದ್ರೂ ಕುಣೀತಿದ್ದಾರೆ.

ಮೇಘಾ: ಫ್ರ್ಯಾಂಕಿಯೂ ನ್ಯೂಯಾರ್ಕಿನಿಂದ ಬಂದವರೇ. ಅವರು ಹಾಕ್ತಿದ್ದ ರೆಕಾರ್ಡುಗಳಲ್ಲಿ ಎಷ್ಟೋ ಫಿಲಡೆಲ್ಫಿಯಾದ್ದು, ಯುರೋಪಿನದ್ದು. ಟೇಪು ಕತ್ತರಿಸಿ, ಅಂಟಿಸಿ ಉದ್ದ ಮಾಡ್ತಿದ್ರು. ಲ್ಯಾಪ್‌ಟಾಪಿನಲ್ಲಿ ನಾನು ಮಾಡೋದೂ ಅದೇ.

ಶ್ರೀಕಂಠ: ಅದೇ ಅಲ್ಲ, ಬೆರಳಿಗೆ ಬ್ಲೇಡು ತಾಗಲ್ಲ. ಇರಲಿ. ಆದ್ರೆ ಜಂಬ ಹಳಬರದ್ದು ಮಾತ್ರ ಅನ್ನಬೇಡ. ಚರಣಜಿತ್ ಸಿಂಗ್ ಕಥೆ ಏನಾಯ್ತು? 1982ರಲ್ಲಿ ಬಾಂಬೆಯಲ್ಲಿ ಅದೇ 303 ಇಟ್ಕೊಂಡು ಹತ್ತು ರಾಗ ನುಡಿಸಿದ. ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣ ಆಗಿದ್ದೇ ತಡ, ನಿನ್ನ ವಯಸ್ಸಿನವರು ‘ಆಸಿಡ್ ಹೌಸ್ ಹುಟ್ಟಿದ್ದೇ ನಮ್ಮಲ್ಲಿ’ ಅಂತ ಎದೆ ತಟ್ಟಿಕೊಂಡರು.

ಮೇಘಾ: ನಾನೂ ತಟ್ಟಿಕೊಂಡೆ. ಶಿಕಾಗೊದ ಹುಡುಗರ ಕಿವಿಗೆ ಅದು ಬಿದ್ದೇ ಇರಲಿಲ್ಲ, ಗೊತ್ತು. ಆದ್ರೂ ಭೈರವ್ ರಾಗ ಆ ಯಂತ್ರದೊಳಗೆ ಜಾರೋದು ಕೇಳಿದ್ರೆ ಮೈ ಜುಂ ಅನ್ನುತ್ತೆ. ಮೊದಲೋ ಆಮೇಲೋ, ಅದಕ್ಕೆ ಸಂಬಂಧವೇ ಇಲ್ಲ.

ಶ್ರೀಕಂಠ: ಇದೆ. ಮೊದಲು ಯಾರು ಅನ್ನೋದಕ್ಕೆ ದುಡ್ಡಿನ ಸಂಬಂಧ ಇದೆ. ಹೌಸ್ ಸಂಗೀತಗಾರರಾದ ಲ್ಯಾರಿ ಹರ್ಡ್, ರಾಬರ್ಟ್ ಓವೆನ್ಸ್ 2020ರಲ್ಲಿ ಟ್ರ್ಯಾಕ್ಸ್ ಮೇಲೆ ಕೇಸು ಹಾಕಿ, 2022ರಲ್ಲಿ ರಾಜಿಯಾಗಿ ತಮ್ಮ ಹಾಡುಗಳ ಹಕ್ಕು ವಾಪಸ್ ಪಡೆದ್ರು. ಮೂವತ್ತು ವರ್ಷದ ಮೇಲೆ. ಯಾವ ಹಾಡು ಯಾರದ್ದು ಅಂತ ಜಗಳ ಆಡೋ ಹಳೇ ಮುದುಕರು ಇರೋದ್ರಿಂದಲೇ ಆ ಹೆಸರುಗಳು ಉಳಿದಿದ್ದು.

ಮೇಘಾ: ಒಪ್ಪಿದೆ. ಹೆಸರು ನೆನಪಿಡೋ ಮುದುಕರು ಬೇಕು. ಮೂಗು ಮುರಿಯೋರು ಬೇಡ.

ಶ್ರೀಕಂಠ: ಎರಡೂ ಒಬ್ಬನೇ ಆಗಿದ್ರೆ? ಮೂಗು ಮುರಿಯೋ ಚಾಳಿ ಇಲ್ಲದವನು ರೆಕಾರ್ಡಿನ ಲೇಬಲ್ ಯಾಕೆ ಓದ್ತಾನೆ? ಮತ್ತೆ, ಯಾರೂ ಏನೂ ಅನ್ನಬಾರದು ಅಂದ್ರೆ ಚೆನ್ನಾಗಿಲ್ಲದ್ದನ್ನ ಚೆನ್ನಾಗಿಲ್ಲ ಅನ್ನೋದು ಹೇಗೆ?

ಮೇಘಾ: ಅನ್ನಿ. ಅವನ ಕೈಗೆ ಅನ್ನಿ, ಹುಟ್ಟಿದ ಇಸವಿಗಲ್ಲ. ಈಗ ತಾನೇ ಎರಡು ಹಾಡಿನ ಬೇಸ್ ಒಂದರ ಮೇಲೊಂದು ಬಿದ್ದು ಗೊಜ್ಜಾಯ್ತು. ಕೇಳಿಸ್ತಾ?

ಶ್ರೀಕಂಠ: ಕೇಳಿಸದೆ! ಒಂದನ್ನ ಇಳಿಸಿ ಇನ್ನೊಂದನ್ನ ಏರಿಸಬೇಕು. ಅದು ಆಗಲೂ ಅಷ್ಟೇ, ಈಗಲೂ ಅಷ್ಟೇ. ಹೋಗಿ ಹೇಳಲಾ ಅವನಿಗೆ?

ಮೇಘಾ: ಹೇಳಿ. ರಾನ್ ಹಾರ್ಡಿ ಹೆಸರು ಮಾತ್ರ ಎತ್ತಬೇಡಿ.