ಇಂದಿನ ಚಿಂತನೆ: ಬಳ್ಳಿಯಲ್ಲಿ ಎಷ್ಟು ಕಾಯಿ ಉಳಿಸಬೇಕು?

 

ಸಿಹಿಗುಂಬಳ ಬಿಸಿಲನ್ನು ಬೇಡುವ ಬಳ್ಳಿ. ನಮ್ಮ ಮಡಿಕೇರಿ ಕಡೆ ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಹಾಗಾಗಿ ಇಲ್ಲಿ ಮೊದಲು ತಳಿ ನೋಡಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಗೆ ಸುಮಾರು 125 ದಿನ ಬೇಕು. ಅರ್ಕಾ ಸೂರ್ಯಮುಖಿಗೆ ಸುಮಾರು 100 ದಿನ ಸಾಕು. ಕಾಯಿ ಚಿಕ್ಕದು, ಒಂದು ಒಂದೂವರೆ ಕಿಲೋ. ಮೋಡದ ಊರಿಗೆ ಬೇಗ ಬಲಿಯುವ ಚಿಕ್ಕ ಕಾಯಿಯೇ ಲೇಸು.

ಹೂವು ಅರಳುವುದು ಒಂದೇ ಬೆಳಗು. ಮಳೆ ಹಿಡಿದರೆ ಜೇನು ಬರುವುದಿಲ್ಲ, ಪರಾಗ ನೆನೆದು ಕೆಡುತ್ತದೆ. ನಾನು ಹಿಂದಿನ ಸಂಜೆಯೇ ಮೊಗ್ಗಿನ ತುದಿಗೆ ದಾರ ಕಟ್ಟಿ, ಬೆಳಿಗ್ಗೆ ಗಂಡು ಹೂವನ್ನು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸುತ್ತೇನೆ.

ಕಷ್ಟದ ಕೆಲಸ ಆಮೇಲಿನದು. ಎಲೆ ಸಕ್ಕರೆ ಮಾಡುವುದು ಬೆಳಕಿನಿಂದ. ಬೆಳಕು ಕಡಿಮೆಯಿದ್ದಾಗ ಐದಾರು ಕಾಯಿ ಬಿಟ್ಟರೆ ಒಂದೂ ಸರಿಯಾಗಿ ಬಲಿಯುವುದಿಲ್ಲ. ಬಳ್ಳಿಗೆ ಎರಡು ಉಳಿಸಿ, ಮಿಕ್ಕವನ್ನು ಎಳೆಯದರಲ್ಲೇ ಚಿವುಟಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ಸಹೋದ್ಯೋಗಿಯೊಬ್ಬರು ಇದೇ ನ್ಯಾಯ ಹೇಳಿದರು: "ಪಾಸಾಗುವವರ ಮೇಲೆ ಗಮನ ಕೊಡೋಣ. ಆಗದವರಿಗೆ ಸಮಯ ಕೊಟ್ಟರೆ ಇವರೂ ಕೆಡುತ್ತಾರೆ." ಅವರು ಕಟುಕರಲ್ಲ. ನಮ್ಮ ಬಳಿ ಸಮಯ ನಿಜಕ್ಕೂ ಕಡಿಮೆ. ಆದರೂ ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಹೋಲಿಕೆ ತಪ್ಪಿದ್ದು ಎಲ್ಲಿ? ಚಿವುಟಿದ ಕಾಯಿಗೆ ಬೇರೆ ಬೇರಿಲ್ಲ. ಅದು ಹೋದರೂ ಬಳ್ಳಿ ಬದುಕುತ್ತದೆ. ಹಿಂದಿನ ಬೆಂಚಿನ ಹುಡುಗಿ ನನ್ನ ಬಳ್ಳಿಯ ಕಾಯಿಯಲ್ಲ. ಅವಳೇ ಒಂದು ಬಳ್ಳಿ. ಅವಳನ್ನು ಬಿಟ್ಟರೆ ಕಿತ್ತದ್ದು ಬೇರನ್ನೇ. ನನ್ನ ಬಳ್ಳಿಯ ಕಾಯಿಗಳು ಬೇರೆ ಇವೆ: ಶೇಕಡಾ ನೂರು ಫಲಿತಾಂಶದ ಹೆಸರು, ಅಂದವಾದ ದಾಖಲೆ ಪುಸ್ತಕಗಳು, ಬಲ್ಲವರಿಗೇ ಮತ್ತೆ ಮತ್ತೆ ಬರೆಸುವ ಮಾದರಿ ಪ್ರಶ್ನೆಪತ್ರಿಕೆಗಳು. ಚಿವುಟುವುದಾದರೆ ಇವನ್ನು ಚಿವುಟಬೇಕು. ಹಾಗೆ ಉಳಿದ ಅರ್ಧ ಗಂಟೆಯಲ್ಲಿ ಒಂದು ಮಗುವಿಗೆ ವಾಕ್ಯ ಓದಲು ಕಲಿಸಬಹುದು.

ಅಂಗುತ್ತರ ನಿಕಾಯದಲ್ಲಿ ಭಗವಾನರು ರೈತನ ಉಪಮೆ ಕೊಡುತ್ತಾರೆ. ಉಳುವುದು, ಬಿತ್ತುವುದು, ನೀರು ಹಾಯಿಸುವುದು ಅವನ ತುರ್ತು ಕೆಲಸಗಳು. ಆದರೆ ಇಂದೇ ಮೊಳೆ, ನಾಳೆಯೇ ತೆನೆಯಾಗು ಎಂದು ಆಜ್ಞೆ ಮಾಡುವ ಶಕ್ತಿ ಅವನಿಗಿಲ್ಲ. ಕಾಲ ಬಂದಾಗ ಪೈರು ತಾನೇ ಮಾಗುತ್ತದೆ. ಭಿಕ್ಷುವಿನ ಶೀಲ, ಸಮಾಧಿ, ಪ್ರಜ್ಞೆಯ ಸಾಧನೆಯೂ ಹೀಗೆಯೇ. ತುರ್ತು ನಮ್ಮ ದುಡಿಮೆಗೆ ಇರಲಿ, ಫಲದ ದಿನಾಂಕಕ್ಕೆ ಬೇಡ.

ಕುಂಬಳದ ಇನ್ನೊಂದು ಗುಣ ಹೇಳಿ ಮುಗಿಸುತ್ತೇನೆ. ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಷ್ಟು ಬಲಿತ ಮೇಲೆ ಕೊಯ್ದು ಬೆಚ್ಚಗಿನ ಅಟ್ಟದಲ್ಲಿಟ್ಟರೆ, ಒಳಗಿನ ಪಿಷ್ಟ ವಾರಗಟ್ಟಲೆ ನಿಧಾನವಾಗಿ ಸಕ್ಕರೆಯಾಗುತ್ತದೆ. ಸಿಹಿ ಹೆಚ್ಚುವುದು ಬಳ್ಳಿಯಿಂದ ಬೇರೆಯಾದ ಮೇಲೆ, ಯಾರೂ ನೋಡದಿರುವಾಗ. ಶಾಲೆ ಬಿಟ್ಟ ಮಕ್ಕಳಲ್ಲೂ ಇದನ್ನು ಕಂಡಿದ್ದೇನೆ.

ಇಂದಿನ ಧ್ಯಾನಕ್ಕೆ ಒಂದು ಪ್ರಶ್ನೆ: ಸಮಯವಿಲ್ಲ ಎಂದು ನಾನು ಯಾರನ್ನು ಬಿಟ್ಟಿದ್ದೇನೆ? ಅವರಿಗಾಗಿ ನನ್ನ ಬಳ್ಳಿಯಿಂದ ಯಾವ ಕಾಯಿಯನ್ನು ಚಿವುಟಬಲ್ಲೆ?

ಎಲ್ಲರಿಗೂ ಮಂಗಳವಾಗಲಿ. 🙏