ತಲೆ ನರೆತೊಡನೆ ಮನ ಮಾಗುವುದೇ?

ದೇಹಕ್ಕೆ ಬಾಲ್ಯ, ಯೌವನ, ವಾರ್ಧಕ್ಯಗಳೆಂಬ ಅವಸ್ಥೆಗಳಿರುವಂತೆ ಮನೋವಿಕಾರಗಳಿಗೂ ಅವಸ್ಥೆಗಳುಂಟು. ಮಗುವಿನ ಕೋಪವು ಕಣ್ಣೀರಿನೊಡನೆ ಕ್ಷಣದಲ್ಲಿ ಹರಿದುಹೋಗುವುದು. ಯೌವನದ ಕೋಪವು ಕೈಗೆ ಏರುವುದು. ಮುಪ್ಪಿನ ಕೋಪವು ಕೈಯಿಂದ ಇಳಿದು ಒಬ್ಬರಲ್ಲಿ ಶಾಂತಿಯಾಗುವುದು, ಮತ್ತೊಬ್ಬರಲ್ಲಿ ನಾಲಗೆಯ ಮೇಲೆ ನೆಲೆಸುವುದು. ಹೀಗೇಕೆಂಬುದನ್ನು ಸದ್ಭಕ್ತರು ವಿಚಾರಿಸತಕ್ಕುದು.

ಸಿಂಧನೂರಿನ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಒಂದು ಒಕ್ಕಲುಮನೆಯನ್ನು ಭಾವಿಸಿರಿ. ತಮ್ಮ ಪಾಳಿಯ ನೀರನ್ನು ನೆರೆಯವನು ತಿರುಗಿಸಿಕೊಂಡನೆಂದು ಕೇಳಿದೊಡನೆ ಮಗನು ಸಲಿಕೆ ಹಿಡಿದು ಹೊರಡುವನು. ತಂದೆಯು, “ತಮ್ಮಾ, ತಡಿ, ಮುಂಜಾನೆ ಕರೆಸಿ ಕೇಳೋಣು” ಎನ್ನುವನು. ಮಗನಿಗದು ಹೇಡಿತನವೆಂದು ತೋರುವುದು. ಆದರೆ ಒಂದಿರುಳಿನ ನೀರಿಗಿಂತ 40 ವರುಷಗಳ ನೆರೆಹೊರೆಯು ಹಿರಿದೆಂದು ತಂದೆ ಬಲ್ಲನು. ಅದೇ ತಂದೆಯು ಮನೆಗೆ ಬಂದು, ಊಟ ತಡವಾಯಿತೆಂದು ಸೊಸೆಯ ಮೇಲೆ ಹರಿಹಾಯ್ದನಾದರೆ, ಹೊಲದಲ್ಲಿ ಮಾಗಿದ ಮನವು ಮನೆಯಲ್ಲಿ ಹಸಿಯಾಗಿಯೇ ಉಳಿಯಿತೆಂದಾಯಿತು.

ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಮೊದಲಾದ ಮನಶ್ಶಾಸ್ತ್ರಜ್ಞರು ಕಂಡಂತೆ, ವಯಸ್ಸು ಏರಿದಂತೆ ಬಹುಜನರಲ್ಲಿ ಕೋಪವೇ ಮುಂತಾದ ಭಾವಗಳು ತಗ್ಗುವುವು. ಉಳಿದ ಕಾಲವು ಅಲ್ಪವೆಂದರಿತಾಗ ಮನುಷ್ಯನು ಹೊಸ ಗಳಿಕೆಗಿಂತ ಹತ್ತಿರದವರ ಪ್ರೀತಿಯನ್ನು ಹೆಚ್ಚಾಗಿ ಬಯಸುವನೆಂಬುದು ಅವರ ಸಿದ್ಧಾಂತ. ಮಾರಕ ರೋಗದಿಂದ ತಮ್ಮ ಆಯುಷ್ಯವು ಕಡಿಮೆಯೆಂದರಿತ ತರುಣರಲ್ಲಿಯೂ ಇದೇ ಒಲವು ಕಂಡುಬಂದಿದೆ. ಆದುದರಿಂದ ಮನವನ್ನು ಮಾಗಿಸುವುದು ನರೆಯಲ್ಲ, ಅರಿವು.

ಅರಿವಿಗೆ ಪ್ರಯತ್ನವೂ ಕೂಡಬೇಕೆಂಬುದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರರಾದ ಬೀಡನ್ನರು ಕಂಡ ಆ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಪಟ್ಟವೇರಿದ 8 ವರುಷಗಳ ಮೇಲೆ ಕಳಿಂಗವನ್ನು ಗೆದ್ದು, ಅಲ್ಲಿ 1 ಲಕ್ಷ ಜನರು ಹತರಾದುದಕ್ಕೆ ಪಶ್ಚಾತ್ತಾಪಪಟ್ಟ ದೊರೆ ಆತನು. ಉಪಾಸಕನಾದ ಮೇಲೂ ಒಂದು ವರುಷ ತಾನು ಹೆಚ್ಚು ಶ್ರಮಿಸಲಿಲ್ಲವೆಂದೂ, ಆಮೇಲೆಯೇ ದೃಢವಾಗಿ ಶ್ರಮಿಸಿದನೆಂದೂ ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ ಆತನು ಹೇಳಿಕೊಂಡಿದ್ದಾನೆ. ಈ ಫಲವು ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವರಿಗೂ ದೊರೆಯುವುದೆಂಬುದು ಮಸ್ಕಿಯ ಶಾಸನದ ಸಾರ.

ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯೂ ಇದನ್ನೇ ಸಾರುವುದು. ಅದಿರು ನೆಲದೊಳಗೆ ಎಷ್ಟು ಕಾಲ ಮಲಗಿದ್ದರೂ ಆಭರಣವಾಗದು. ಅಗೆದು, ಅರೆದು, ಕರಗಿಸಿದರೆ ಮಾತ್ರ ಹೊನ್ನು ಕೈಸೇರುವುದು. ಕಳೆದ ವಯಸ್ಸು ಅದಿರು, ಸಾಧನೆಯೇ ಕುಲುಮೆ.

ಶರಣರು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ 6 ಸ್ಥಲಗಳನ್ನು ಹೇಳಿದರೇ ಹೊರತು ಅವಕ್ಕೆ ಇಂತಿಷ್ಟು ವಯಸ್ಸೆಂದು ಕಟ್ಟಲಿಲ್ಲ. ಶ್ರದ್ಧೆಯು ನಿಷ್ಠೆಯಾಗಿ, ನಿಷ್ಠೆಯು ಅವಧಾನವಾಗಿ, ಅನುಭವ ಆನಂದಗಳ ಮೂಲಕ ಸಮರಸದಲ್ಲಿ ನಿಲ್ಲುವುದು ವರುಷಗಳಿಂದಲ್ಲ, ಆಚರಣೆಯಿಂದ. ಎಳೆಯ ಪ್ರಾಯದ ಚೆನ್ನಬಸವಣ್ಣನವರನ್ನು ಹಿರಿಯ ಶರಣರೂ ಷಟ್‌ಸ್ಥಲಜ್ಞಾನಿಯೆಂದು ಮನ್ನಿಸಿದುದು ಇದರಿಂದಲೇ.

ಆದಕಾರಣ ತರುಣರು ನರೆಯನ್ನು ಕಾಯದಿರಲಿ. ಹಿರಿಯರು ನರೆಯನ್ನು ನಂಬದಿರಲಿ. ಲಿಂಗಪೂಜೆಗೆ ಕುಳಿತಾಗ, ಇಂದು ತನ್ನಿಂದ ಯಾರ ಮನ ನೊಂದಿತೆಂದು ನೆನೆದು, ಎದ್ದ ಮೇಲೆ ಅವರೊಡನೆ ಒಂದು ಸವಿಮಾತನಾಡುವುದೇ ಮೊದಲ ಸಾಧನೆ. “ಅವ್ವಾ, ಸಾವಕಾಶ ನೀಡು” ಎಂದು ಮಾವನು ಸೊಸೆಗೆ ಹೇಳಿದ ದಿನ, ಆ ಹಿರಿತನಕ್ಕೆ ಬೇರೆ ಸಾಕ್ಷಿ ಬೇಡ.