ಹೆಮ್ಮೆಯೋ, ಅಹಂಕಾರವೋ?

ಪ್ರತಿ ವರ್ಷ ಜೂನ್ 18ರಂದು ಜಗತ್ತಿನ ಹಲವೆಡೆ 'ಆಟಿಸ್ಟಿಕ್ ಪ್ರೈಡ್ ಡೇ' ಎಂಬ ದಿನಾಚರಣೆ ನಡೆಯುತ್ತದೆ. 2005ರಲ್ಲಿ ಇದನ್ನು ಆರಂಭಿಸಿದವರು ವೈದ್ಯರಲ್ಲ, ಸರಕಾರಗಳಲ್ಲ, ಹೆತ್ತವರ ಸಂಘಗಳೂ ಅಲ್ಲ. ಸ್ವತಃ ಆಟಿಸಂ ಇರುವವರು. ಪ್ರಿಯ ವಾಚಕರೇ, ಈ ಹೆಸರು ಕೇಳಿ ನಿಮ್ಮ ಹುಬ್ಬು ಮೇಲೇರಿದರೆ ಆಶ್ಚರ್ಯವಿಲ್ಲ. ನನ್ನದೂ ಏರಿತ್ತು. ಮಾತು ತಡವಾಗುವುದು, ಗದ್ದಲ ಸಹಿಸಲಾಗದಿರುವುದು, ಜನರ ನಡುವೆ ಬೆರೆಯಲಾಗದಿರುವುದು - ಇದರಲ್ಲಿ ಹೆಮ್ಮೆ ಪಡುವಂಥದ್ದೇನಿದೆ? ಅದಿರಲಿ, ಹೆಮ್ಮೆ ಎಂಬುದೇ ಮನುಷ್ಯನಿಗೆ ಭೂಷಣವೇ? ಕಿಬ್ರ್ ಅಣುವಿನಷ್ಟಿದ್ದರೂ ಸ್ವರ್ಗಕ್ಕೆ ಅಡ್ಡಿ ಎಂದು ದಿನನಿತ್ಯ ಮಕ್ಕಳಿಗೆ ಹೇಳಿಕೊಡುವವನು ನಾನು.

ಆದರೆ ಇಂಗ್ಲಿಷಿನವರ 'ಪ್ರೈಡ್' ಎಂಬ ಒಂದೇ ಶಬ್ದದೊಳಗೆ ನಮ್ಮ ಎರಡು ಮೂರು ಶಬ್ದಗಳು ಒತ್ತೊತ್ತಾಗಿ ಕುಳಿತಿವೆ. ಕನ್ನಡದಲ್ಲಿ ಹೆಮ್ಮೆಯೇ ಬೇರೆ, ಅಹಂಕಾರವೇ ಬೇರೆ, ಸ್ವಾಭಿಮಾನವೇ ಬೇರೆ. ಮಗಳು ಪರೀಕ್ಷೆಯಲ್ಲಿ ಪಾಸಾದಾಗ ತಾಯಿಗೆ ಆಗುವುದನ್ನು ಯಾರೂ ಅಹಂಕಾರವೆನ್ನುವುದಿಲ್ಲ. ಪ್ರವಾದಿವರ್ಯರ(ಸ) ಬಳಿ ಒಬ್ಬರು ಇದೇ ಸಂದೇಹವನ್ನು ಮುಂದಿಟ್ಟಿದ್ದರು: ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆ ಬಯಸುವುದೂ ಕಿಬ್ರ್ ಆಗುತ್ತದೆಯೇ? ಇಲ್ಲ, ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಕಿಬ್ರ್ ಎಂಬುದು ಅವರು ಕೊಟ್ಟ ಉತ್ತರದ ಸಾರ. ಈ ಅಳತೆಗೋಲಿನಿಂದ ಅಳೆದರೆ, ನಾನು ಹೀಗಿದ್ದೇನೆ, ಇದಕ್ಕಾಗಿ ನಾಚಿಕೊಳ್ಳಲಾರೆ ಎನ್ನುವವನು ಯಾರನ್ನೂ ಕೀಳಾಗಿಸುತ್ತಿಲ್ಲ. ಹಾಗಾದರೆ ಕೀಳಾಗಿ ಕಂಡವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಲವತ್ತು ಮಕ್ಕಳು ಒಟ್ಟಾಗಿ ಪಾಠ ಒಪ್ಪಿಸುವಾಗ ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಸಲಾಮಿಗೆ ಉತ್ತರವಿಲ್ಲ, ಮುಖ ನೋಡುವುದಿಲ್ಲ. ಪಾಠ ಮಾತ್ರ ಒಂದಕ್ಷರ ತಪ್ಪದೆ ಬಾಯಿಪಾಠ. ಎಲ್ಲಾ ಬರುವುದರಿಂದಲೇ ಇವನಿಗೆ ಅಹಂಕಾರವೆಂದು ನಾನು ತೀರ್ಮಾನಿಸಿದೆ. ಒಂದು ದಿನ ಅವನ ಗಲ್ಲ ಹಿಡಿದು, ಉಸ್ತಾದರ ಮುಖ ನೋಡಿ ಮಾತಾಡು ಎಂದು ಬಲವಂತವಾಗಿ ತಿರುಗಿಸಿದೆ. ಅವನು ಕಿರುಚಿದ ಕಿರುಚಾಟಕ್ಕೆ ಪಕ್ಕದ ತರಗತಿಯವರು ಓಡಿಬಂದರು. ನಾನು ಕೈಯೆತ್ತಿಯೂ ಬಿಟ್ಟೆ. ನಿಮ್ಮ ಮಗನಿಗೆ ಅದಬ್ ಕಲಿಸಿ ಎಂದು ತಂದೆಗೆ ಹೇಳಿ ಕಳುಹಿಸಿದೆ. ಆಟಿಸಂ ಎಂಬ ಶಬ್ದ ಆಗ ನನಗೆ ಗೊತ್ತಿತ್ತೆಂಬುದನ್ನೂ ಮುಚ್ಚಿಡುವುದಿಲ್ಲ. ಅದು ಯಾವುದೋ ದೊಡ್ಡ ನಗರದ ಕಾಯಿಲೆಯೆಂದು ಭಾವಿಸಿದ್ದೆ.

2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸರು ಒಂದು ವಾದ ಮಂಡಿಸಿದರು. ಅವರೂ ಆಟಿಸಂ ಇರುವವರೇ. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆದರೆ ಇತರರಿಗೆ ಇವರ ಮನಸ್ಸು ಅರ್ಥವಾಗುತ್ತದೆಯೇ? ಸೇತುವೆ ಎರಡೂ ದಡಗಳಿಂದ ಮುರಿದಿದೆ, ದೂರು ಮಾತ್ರ ಒಂದೇ ದಡದವರ ಮೇಲೆ - ಅವರ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಇದನ್ನು ಓದಿದಾಗ ನನ್ನ ಕೈಯಲ್ಲಿದ್ದ ಆ ಪುಟ್ಟ ಗಲ್ಲ ನೆನಪಾಯಿತು.

ಈ ಹೆಮ್ಮೆ ಶೂನ್ಯದಿಂದ ಹುಟ್ಟಿದ್ದಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಕುರಿತು ಬರೆದಾಗ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಅನಂತರದ ದಶಕಗಳಲ್ಲಿ ತಾಯಂದಿರ ತಣ್ಣಗಿನ ವರ್ತನೆಯೇ ಇದಕ್ಕೆ ಕಾರಣವೆಂಬ ಮಾತು ಹಬ್ಬಿತು. 'ರೆಫ್ರಿಜರೇಟರ್ ತಾಯಿ' ಎಂಬ ಹೆಸರನ್ನೇ ಆ ಹೆಂಗಸರಿಗೆ ಅಂಟಿಸಲಾಯಿತು! ಬ್ರೂನೋ ಬೆಟಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಇಂಥದ್ದೇ ವಾದ ಹೂಡಿದರು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದು ಹುಟ್ಟಿನಿಂದ ಬರುವ ದೇಹಪ್ರಕೃತಿಯೆಂದು ಬರೆದಿದ್ದರೂ, ಆ ಕಳಂಕ ಬೇಗನೆ ಅಳಿಯಲಿಲ್ಲ. ನಾವು ನಗುವಂತಿಲ್ಲ. ನಮ್ಮಲ್ಲಿ ಇಂಥ ಮಗುವನ್ನು ಜಿನ್ನ್ ಹಿಡಿದಿದೆಯೆಂದು ಊರೂರು ಅಲೆಸಿ, ತಾಯಿತ ಕಟ್ಟಿಸಿ, ಕೊನೆಗೆ ತಾಯಿಯ ಗರ್ಭಕಾಲದ ತಪ್ಪುಗಳನ್ನು ಎಣಿಸುವವರು ಈಗಲೂ ಇದ್ದಾರೆ.

ಮುಂದೆ 1993ರಲ್ಲಿ ಟೊರಾಂಟೊ ನಗರದ ಸಮ್ಮೇಳನವೊಂದರಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ವ್ಯಕ್ತಿ ಹೆತ್ತವರನ್ನುದ್ದೇಶಿಸಿ ಮಾತಾಡಿದರು. ನೀವು ಅಳುತ್ತಿರುವುದು ನೀವು ನಿರೀಕ್ಷಿಸಿದ, ಆದರೆ ಎಂದೂ ಹುಟ್ಟದ ಮಗುವಿಗಾಗಿ. ಹುಟ್ಟಿ ಬಂದಿರುವ ನಾವು ನಿಮ್ಮ ಮುಂದೆಯೇ ಕಾಯುತ್ತಿದ್ದೇವೆ ಎಂಬುದು ಅದರ ತಿರುಳು. 1998ರ ಹೊತ್ತಿಗೆ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಪ್ರಬಂಧದಲ್ಲಿ 'ನ್ಯೂರೋಡೈವರ್ಸಿಟಿ' ಎಂಬ ಶಬ್ದ ಕಾಣಿಸಿಕೊಂಡಿತು. ನಾವು ಇದನ್ನು ನರವೈವಿಧ್ಯ ಎನ್ನಬಹುದೇನೋ. ಭಾಷೆ, ಬಣ್ಣಗಳು ಬೇರೆಬೇರೆಯಾಗಿರುವಂತೆ ಮೆದುಳಿನ ಬಗೆಗಳೂ ಬೇರೆಬೇರೆ ಎಂಬುದು ಅದರ ಅರ್ಥ. ಭಾಷೆ, ಬಣ್ಣಗಳ ಭಿನ್ನತೆಯನ್ನು ಅಲ್ಲಾಹನ ದೃಷ್ಟಾಂತವೆಂದು ನಂಬುವ ನಮಗೆ ಈ ಮಾತು ಅಪರಿಚಿತವಾಗಬಾರದಿತ್ತು.

ಇಲ್ಲಿ ಒಬ್ಬ ತಾಯಿ ನನ್ನನ್ನು ತಡೆದು ಕೇಳಬಹುದು: ನನ್ನ ಮಗ ಹದಿನಾಲ್ಕು ವರ್ಷವಾದರೂ ಒಂದು ಮಾತಾಡಿಲ್ಲ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ, ಅಪಸ್ಮಾರವೂ ಇದೆ. ನಾನು ಏನನ್ನು ಸಂಭ್ರಮಿಸಲಿ? ಈ ಪ್ರಶ್ನೆಯನ್ನು ಬದಿಗೆ ಸರಿಸಿ ಹೆಮ್ಮೆಯ ಮಾತಾಡುವುದು ಕ್ರೌರ್ಯ. ಅಪಸ್ಮಾರಕ್ಕೆ ಔಷಧಿ ಬೇಕು, ನೋವಿಗೆ ಪರಿಹಾರ ಬೇಕು, ಆ ತಾಯಿಗೆ ನಿದ್ರೆ ಬೇಕು. ಇವುಗಳಲ್ಲಿ ಯಾವುದೂ ಹೆಮ್ಮೆಗೆ ವಿರೋಧವಲ್ಲ. ಆದರೆ ಯಾವುದು ನೋವು, ಯಾವುದು ಬರೀ ಭಿನ್ನತೆ ಎಂಬ ಗೆರೆ ಎಲ್ಲರಲ್ಲೂ ಒಂದೇ ಕಡೆ ಇರುವುದಿಲ್ಲ. ಕೈ ಅಲುಗಾಡಿಸುವುದನ್ನು ನಿಲ್ಲಿಸಲು ವರ್ಷಗಟ್ಟಲೆ ಮಗುವನ್ನು ಗದರಿಸುವುದು ನೋವಿನ ನಿವಾರಣೆಯಲ್ಲ, ನೋಡುವವರ ಮುಜುಗರದ ನಿವಾರಣೆ.

ಇನ್ನೊಂದು ಬಗೆಯ ಹೆಮ್ಮೆ ನನ್ನನ್ನು ಹೆಚ್ಚು ಹೆದರಿಸುತ್ತದೆ. ಆಟಿಸಂ ಇರುವವರಲ್ಲಿ ಮಹಾ ಗಣಿತಜ್ಞರಿದ್ದಾರೆ, ಕಲಾವಿದರಿದ್ದಾರೆ, ಆದ್ದರಿಂದ ಗೌರವಿಸಿ ಎಂಬ ಮಾತು. ಹಾಗಾದರೆ ಏನೂ ಬಾರದವನಿಗೆ ಗೌರವವಿಲ್ಲವೇ? ನನ್ನ ಹುಡುಗನಿಗೆ ಬಾಯಿಪಾಠ ಬಾರದೇ ಇದ್ದಿದ್ದರೆ ನಾನು ಅವನಿಗಾಗಿ ಇಂದು ಲೇಖನ ಬರೆಯುತ್ತಿದ್ದೆನೇ? ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯಲು ಬಂದಾಗ ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಡನೆ ಮಾತಿನಲ್ಲಿದ್ದರು. ಆ ಕ್ಷಣ ಮುಖ ತಿರುಗಿಸಿದ್ದಕ್ಕೆ 'ಅಬಸ' ಅಧ್ಯಾಯದ ಸೂಕ್ತಗಳು ಇಳಿದವು. ಅವರು ಮದೀನದಲ್ಲಿ ಮುಅದ್ದಿನ್ ಆದದ್ದು ಆಮೇಲಿನ ಮಾತು. ಆ ದಿನ ಅವರ ಕೈಯಲ್ಲಿ ಯಾವ ಅರ್ಹತಾಪತ್ರವೂ ಇರಲಿಲ್ಲ, ಬಂದಿದ್ದರು, ಅಷ್ಟೆ.

ನಮ್ಮ ದೇಶದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿದೆ. ಕಾಯ್ದೆಯಿಂದ ಪ್ರಮಾಣಪತ್ರ ಸಿಗುತ್ತದೆ. ಮದುವೆ ಮನೆಯಲ್ಲಿ ಆ ಮಗುವಿನ ಪಕ್ಕ ಕುಳಿತು ಉಣ್ಣುವವರು ಸಿಗುವುದಿಲ್ಲ.

ಕಳೆದ ರಮಝಾನಿನಲ್ಲಿ ಆ ಹುಡುಗನ ಮನೆಗೆ ಹೋಗಿದ್ದೆ. ಹದಿನೆಂಟು ದಾಟಿದ್ದಾನೆ. ಎದುರು ಕುಳಿತು ನೋಡಿದರೆ ಅವನಿಗೆ ಕಷ್ಟವಾಗುತ್ತದೆ, ಪಕ್ಕದಲ್ಲಿ ಕುಳಿತುಕೊಳ್ಳಿ ಎಂದು ತಾಯಿ ಹೇಳಿದರು. ಹಾಗೆಯೇ ಕುಳಿತೆ. ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದೆವು. ಅಂದು ನಾನು ಮಾಡಿದ್ದು ತಪ್ಪು, ಕ್ಷಮಿಸು ಎಂದೆ. ಅವನು ಬಹಳ ಹೊತ್ತು ಬೆರಳುಗಳನ್ನು ಅಲುಗಾಡಿಸುತ್ತಾ ಸುಮ್ಮನಿದ್ದ. ಆಮೇಲೆ, "ಅಂದು ಬುಧವಾರ" ಎಂದ.